ಕ್ಲೋಸಪ್ಪಿಗೆ ಎರೆದ ಧಾರೆ

ಸಿನಿಮಾದ ಮದುವೆಗೆ ನಾನು ಹಾಕಿಸುವುದು ಎರಡೇ ಗಂಟು. ಮೂರನೆಯದನ್ನು ಹಾಕಲು ಬಿಡುವುದಿಲ್ಲ. ಮಾಂಗಲ್ಯದ ಶ್ಲೋಕವನ್ನೂ ಹೇಳುವುದಿಲ್ಲ. ಆ ಹೊತ್ತಿಗೆ ನವಗ್ರಹ ಸ್ತೋತ್ರವನ್ನೋ ಗಣಪತಿಯ ಅಷ್ಟೋತ್ತರವನ್ನೋ ರಾಗವಾಗಿ ಎಳೆದುಬಿಡುತ್ತೇನೆ. ನೋಡುವವರ ಕಿವಿಗೆ ಸಂಸ್ಕೃತ ಬಿದ್ದರೆ ಸಾಕು. ಮಂಡ್ಯದಲ್ಲಿ ಪೌರೋಹಿತ್ಯ ಮಾಡಿಕೊಂಡು, ಸುತ್ತಮುತ್ತ ಶೂಟಿಂಗ್ ನಡೆದಾಗ ಮುಹೂರ್ತದ ಪೂಜೆ ಮಾಡಿಸಿ, ಬೇಕೆಂದರೆ ಕ್ಯಾಮೆರಾ ಮುಂದೆ ಪುರೋಹಿತನಾಗಿಯೇ ಕೂರುವ ನನಗೆ ಇದು ನಾನೇ ಹಾಕಿಕೊಂಡ ಕಟ್ಟಳೆ. ದಕ್ಷಿಣೆ ಕೊಟ್ಟು ಕರೆದರು ಎಂದು ಯಾರದೋ ಹೆಂಡತಿಗೆ ಇನ್ಯಾರನ್ನೋ ಗಂಟು ಹಾಕಿಸಿ ಪಾಪ ಕಟ್ಟಿಕೊಳ್ಳಲು ನನಗೇನು ಹುಚ್ಚೆ?

ಆ ತಮಿಳು ಚಿತ್ರದ ತಂಡ ಬಂದಿಳಿದದ್ದು ಮದ್ದೂರು ಕಡೆಯ ಕೊಪ್ಪ ದಾಟಿ ಇನ್ನಷ್ಟು ಒಳಗಿರುವ ಒಂದು ಹಳ್ಳಿಗೆ. ಊರಿನ ಹೆಸರು ಬೇಡ. ಕಥೆ ಏನೆಂದು ನನಗೆ ಮೊದಲೇ ಗೊತ್ತಿತ್ತು, ನಿರ್ದೇಶಕ ನನ್ನಿಂದ ಮುಚ್ಚಿಟ್ಟಿರಲಿಲ್ಲ. ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗುತ್ತಾಳೆ. ಅಪ್ಪ ಅವಳನ್ನು ಉಪಾಯವಾಗಿ ಮನೆಗೆ ಕರೆಸಿಕೊಂಡು, ಹೊಟ್ಟೆ ತುಂಬ ಉಣ್ಣಿಸಿ, ಕೊಂದು ಹಾಕುತ್ತಾನೆ. ಅವರ ಸೀಮೆಯಲ್ಲಿ ಈ ಕಥೆಯ ವಾಸನೆ ಹಿಡಿದ ಜನ ಎರಡು ಕಡೆ ಶೂಟಿಂಗ್ ನಿಲ್ಲಿಸಿದ್ದರಿಂದ ಗಡಿ ದಾಟಿ ಇಲ್ಲಿಗೆ ಬಂದಿದ್ದರು. ಗದ್ದೆ, ಕಬ್ಬು, ನಾಲೆ ಎಲ್ಲ ಅಲ್ಲಿಯ ಹಾಗೇ ಕಾಣುತ್ತದಂತೆ.

"ಜನ?" ಎಂದು ಕೇಳಿದೆ.

"ಜನವೂ ಹಾಗೇ ಸಾಮಿ," ಎಂದು ನಿರ್ದೇಶಕ ತಮಿಳಿನಲ್ಲೇ ಹೇಳಿ ನಕ್ಕ. ನನಗೆ ನಗು ಬರಲಿಲ್ಲ. ಈ ಜನರ ನಡುವೆ ಬದುಕಬೇಕಾದವನು ನಾನು. ಊರಿನವರಿಗೆ ಮಾತ್ರ 'ಅಣ್ಣ ತಂಗಿ ಸೆಂಟಿಮೆಂಟು' ಎಂದು ಹೇಳಿ ಮನೆ ಗೊತ್ತುಮಾಡಿದ್ದರು.

ಮನೆ ಕೊಟ್ಟವರು ಊರಿನಲ್ಲೇ ದೊಡ್ಡ ಹಿಡುವಳಿಯವರು. ಅವರನ್ನು ಗೌಡರು ಎಂದಷ್ಟೇ ಕರೆಯುತ್ತೇನೆ. ತೊಟ್ಟಿಯ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ, ಪಕ್ಕದಲ್ಲಿ ದನದ ಕೊಟ್ಟಿಗೆ. ಗೌಡರ ಬಲಗೈಯ ತೋರುಬೆರಳು ಅರ್ಧ ಇಲ್ಲ. ಹುಡುಗನಾಗಿದ್ದಾಗ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಹೋದದ್ದು. ತಮ್ಮ ತೀರಿಕೊಂಡ ಮೇಲೆ ಅವನ ಮಗಳನ್ನು ಸಾಕಿ ಓದಿಸಿದವರು ಅವರೇ. ಹುಡುಗಿ ಮದ್ದೂರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದಳು, ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದಳು. ಅವಳ ಬಗ್ಗೆ ಆ ಬೆಳಿಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಮದುವೆಯ ದೃಶ್ಯಕ್ಕೆ ಅಂಗಳದಲ್ಲಿ ಹಸಿರು ಚಪ್ಪರ ಎದ್ದಿತ್ತು. ಗೌಡರು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಅಯ್ನೋರೆ, ಒಂದ್ ಅನುಮಾನ. ಇದ್ರಲ್ಲಿ ತಾಳಿ ಕಟ್ಟುದ್ರೆ ನಿಜವಾಗ್ಲೂ ಮದ್ವೆ ಆಗೋಯ್ತದಾ?"

ನನ್ನ ಎರಡು ಗಂಟಿನ ಕಟ್ಟಳೆಯನ್ನು, ಶ್ಲೋಕ ಬದಲಾಯಿಸುವುದನ್ನು ವಿವರಿಸಿ ಹೇಳಿದೆ. ಅವರಿಗೆ ಬಹಳ ಹಿಡಿಸಿತು. ತೊಡೆ ತಟ್ಟಿಕೊಂಡು ನಕ್ಕರು.

"ಅಂಗಾದ್ರೆ ನಮ್ಮಂಗಳ್ದಲ್ಲಿ ಸುಳ್ ಮದ್ವೆ. ಮಾತ್ ಕೊಡ್ತೀರಾ?"

"ಕೊಟ್ಟೆ ಗೌಡ್ರೆ," ಎಂದೆ. ಕೊಡಲು ಏನು ಕಷ್ಟ ಆಗ?

ತಿಂಡಿ ಮುಗಿಯುವ ಹೊತ್ತಿಗೆ ಊರಿನ ಹುಡುಗರ ಮೊಬೈಲಿಗೆ ಒಂದು ವೀಡಿಯೊ ಬಂತು. ತಮಿಳಿನ ಯಾವುದೋ ಚಾನೆಲ್ಲಿನವನು ಈ ಚಿತ್ರದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳಿ ಕೂಗಾಡಿದ್ದ. ಇಲ್ಲಿ ಯಾರಿಗೂ ತಮಿಳು ತಿಳಿಯದು ಎಂದು ತಂಡದವರು ನಿಶ್ಚಿಂತೆಯಾಗಿದ್ದರು. ಮಂಡ್ಯ ಜಿಲ್ಲೆಯಲ್ಲಿ ತಮಿಳು ಸಿನಿಮಾ ನೋಡದೆ ಬೆಳೆದವನು ಯಾರಿದ್ದಾನೆ? ಸ್ವಲ್ಪ ಹೊತ್ತಿಗೆಲ್ಲ ಕಬ್ಬು ತುಂಬಿದ ಎರಡು ಟ್ರ್ಯಾಕ್ಟರುಗಳು ಊರ ಬಾಯಲ್ಲಿ ರಸ್ತೆಗೆ ಅಡ್ಡ ನಿಂತವು. ನನ್ನ ಸ್ಕೂಟರು ಅದರ ಆಚೆ, ನಾನು ಈಚೆ.

ಅಂಗಳ ತುಂಬ ಜನ ನುಗ್ಗಿದರು. ಗೌಡರ ಮಗ, ಅಂದರೆ ಆ ಹುಡುಗಿಗೆ ಅಣ್ಣನಾಗಬೇಕಾದವನು, ಎಲ್ಲರಿಗಿಂತ ಮುಂದಿದ್ದ.

"ಮಗಳ್ನ ಸಾಯ್ಸೋ ಸಿನ್ಮಾವ ನಮ್ಮನೆ ಅಂಗಳ್ದಲ್ಲಿ ತೆಗಿತೀರೇನ್ಲಾ? ನಮ್ಮೂರ್ನ ಏನ್ ಅನ್ಕಂಡಿದ್ದೀರಿ?"

ನಿರ್ದೇಶಕನಿಗೆ ಮಾತು ಅರ್ಥವಾಗಲಿಲ್ಲ, ಕೈ ಅರ್ಥವಾಯಿತು. ಹಿಂದೆ ಸರಿದು ನನ್ನ ಪಕ್ಕಕ್ಕೆ ಬಂದು ನಿಂತ. ಎರಡೂ ಭಾಷೆ ಸರಾಗವಾಗಿ ಆಡಬಲ್ಲವನು ನಾನೊಬ್ಬನೇ ಆದ್ದರಿಂದ ಬೈಗುಳವೆಲ್ಲ ನನ್ನ ಮೂಲಕವೇ ಸಾಗಬೇಕಾಯಿತು. ಆ ಕಡೆಯಿಂದ ಬಂದ ಖಾರವನ್ನು ಅರ್ಧ ನುಂಗಿ ತಮಿಳಿಗೆ ಹಾಕುವುದು, ಈ ಕಡೆಯಿಂದ ಬಂದ ಕೊಬ್ಬಿನ ಮಾತನ್ನು ಪೂರ್ತಿ ನುಂಗಿ ಕನ್ನಡಕ್ಕೆ ಹಾಕುವುದು. ನಾಯಕಿ ತನ್ನ ಕ್ಯಾರವಾನಿನೊಳಗೆ ಚಿಲಕ ಹಾಕಿಕೊಂಡು ಕೂತವಳು ಯಾರು ಬಡಿದರೂ ತೆಗೆಯಲಿಲ್ಲ. ನಾಯಕ ಮೈಸೂರಿನಿಂದ ಹೊರಟಿದ್ದವನು ಸುದ್ದಿ ಕೇಳಿ ಅರ್ಧ ದಾರಿಯಿಂದ ಹಿಂದಿರುಗಿದ. ಪೊಲೀಸರಿಗೆ ಫೋನ್ ಮಾಡೋಣ ಎಂದವನನ್ನು ನಿರ್ದೇಶಕನೇ ತಡೆದ. ಪೊಲೀಸರು ಬಂದರೆ ಮೊದಲು ಪ್ಯಾಕಪ್ ಎನ್ನುತ್ತಾರೆ ಎಂದು ಅವನಿಗೆ ಎರಡು ಸಲದ ಅನುಭವವಿತ್ತು.

ಕೊನೆಗೆ ಗೌಡರು ಜಗಲಿಯ ಮೇಲೆ ಕೂತು ತೀರ್ಮಾನ ಹೇಳಿದರು.

"ಸಾವಿನ್ ಸೀನು ಬ್ಯಾಡ. ಮದ್ವೆ ಸೀನ್ ತೆಗಿರಿ, ಅಡ್ಡಿಲ್ಲ. ಮದ್ವೆ ಅಂದ್ರೆ ಸುಭ. ಚಪ್ಪರ ಬೇರೆ ಹಾಕ್ಬುಟ್ಟಿದೆ, ಮದ್ವೆ ಮಾಡ್ದೆ ಬಿಚ್ಚುದ್ರೆ ಮನೆಗೆ ಒಳ್ಳೇದಲ್ಲ. ನಮ್ ಕಣ್ಮುಂದೆ ತೆಗೀರಿ, ಮುಗ್ಸಿ, ಗಾಡಿ ಹತ್ತಿ. ಅಲ್ಲೀಗಂಟ ಟ್ರ್ಯಾಕ್ಟರ್ ಅಲ್ಲಾಡಲ್ಲ."

ತಮಿಳಿಗೆ ಹಾಕಿ ಹೇಳಿದೆ. ನಿರ್ದೇಶಕ ಒಪ್ಪಿದ. ಒಪ್ಪದೆ ಇನ್ನೇನು ಮಾಡುತ್ತಾನೆ? ಆದರೆ ಮುಖಗಳಿಲ್ಲ. ನಾಯಕ ಇಲ್ಲ, ನಾಯಕಿ ಇದ್ದೂ ಇಲ್ಲ. ಛಾಯಾಗ್ರಾಹಕನೊಡನೆ ಮಾತಾಡಿ ಅವನೊಂದು ದಾರಿ ಹುಡುಕಿದ. ಮುಖಗಳನ್ನು ಆಮೇಲೆ ಚೆನ್ನೈನಲ್ಲಿ ಸೆಟ್ ಹಾಕಿ ತೆಗೆಯುವುದು, ಇಲ್ಲಿ ಬರೀ ಇನ್ಸರ್ಟುಗಳು. ಅಂದರೆ ಹತ್ತಿರದಿಂದ ತೆಗೆಯುವ ತುಣುಕು ಶಾಟುಗಳು: ತಾಳಿ ಕಟ್ಟುವ ಕೈ, ಕಟ್ಟಿಸಿಕೊಳ್ಳುವ ಕುತ್ತಿಗೆ, ಬೀಳುವ ಅಕ್ಷತೆ, ಹೆಜ್ಜೆ ಇಡುವ ಕಾಲು. ಅದಕ್ಕೆ ಯಾರ ಕೈಯಾದರೂ ನಡೆಯುತ್ತದೆ, ಧ್ವನಿಯನ್ನೂ ಹಿಡಿಯುವುದಿಲ್ಲ.

ಯಾರ ಕೈಯಾದರೂ ಎಂದದ್ದೇ ತಪ್ಪಾಯಿತು. ಊರಿನ ಹೆಂಗಸರಲ್ಲಿ ಮುತ್ತೈದೆಯರು ಒಂದು ತಾಳಿಯ ಮೇಲೆ ಇನ್ನೊಂದು ಕಟ್ಟಿಸಿಕೊಳ್ಳುವುದಿಲ್ಲ ಎಂದರು, ಮದುವೆಯಾಗದವರನ್ನು ತಾಯಂದಿರು ಒಳಗೆ ಎಳೆದುಕೊಂಡರು. ಆಗ ಗೌಡರ ತಮ್ಮನ ಮಗಳು ಬಾಗಿಲಿಂದ ಈಚೆ ಬಂದಳು.

"ನಾನ್ ಕೂರ್ತೀನಿ ದೊಡ್ಡಪ್ಪ. ಮುಖ ಕಾಣಲ್ವಂತೆ. ಇವ್ರು ಬೇಗ ಒಂಟೋದ್ರೆ ಸಾಕಲ್ವಾ?"

ಗೌಡರು ನನ್ನ ಕಡೆ ತಿರುಗಿದರು. "ಏನ್ ಅಯ್ನೋರೆ?"

"ಎರಡೇ ಗಂಟು ಗೌಡ್ರೆ, ಭಯ ಬೇಡ," ಎಂದೆ. ಎರಡನೇ ಸಲ ಮಾತು ಕೊಟ್ಟಂತಾಯಿತು.

ಗಂಡಿನ ಕೈಗೆ ನಿರ್ದೇಶಕ ತನ್ನ ತಂಡದವರ ಕೈಗಳನ್ನೇ ಸಾಲಾಗಿ ನೋಡುತ್ತಾ ಹೋಗಿ ಒಬ್ಬ ಲೈಟಿನ ಹುಡುಗನ ಮುಂದೆ ನಿಂತ. ಚೆನ್ನೈನಿಂದ ಬಂದವನಲ್ಲ, ಇಲ್ಲಿಯವನೇ. ಬೆಳಕವಾಡಿ ಕಡೆಯವನು, ಮದ್ದೂರಿನಲ್ಲಿದ್ದುಕೊಂಡು ಮದುವೆ ಮನೆಗಳಿಗೆ ಲೈಟು, ಜನರೇಟರು ಹಾಕುವವನು. ಕಥೆಯ ನಾಯಕ ದುಡಿಯುವ ಹುಡುಗ, ಇವನದೂ ದುಡಿದ ಕೈ. ಗೌಡರು ಅವನ ಊರು ಕೇರಿ ಏನನ್ನೂ ಕೇಳಲಿಲ್ಲ. ಅವರ ಕಣ್ಣಿಗೆ ಅವನೂ ಅವನು ಹೊತ್ತು ತಂದ ಲೈಟಿನ ಕಂಬವೂ ಒಂದೇ.

ನಾನು ಉಗ್ರಾಣದಲ್ಲಿ ಕೂತು ತಟ್ಟೆಗೆ ಅರಿಶಿನ, ಕುಂಕುಮ, ಅಕ್ಕಿ ಜೋಡಿಸುತ್ತಿದ್ದೆ. ಹುಡುಗಿ ಒಳಗೆ ಬಂದು ಬಾಗಿಲನ್ನು ಸ್ವಲ್ಪ ಮುಂದೆ ಮಾಡಿದಳು. ನಾಯಕಿಯ ಧಾರೆ ಸೀರೆ ಉಟ್ಟಿದ್ದಳು.

"ಅಯ್ನೋರೆ, ಮೂರ್ನೇ ಗಂಟೂ ಹಾಕ್ಸಿ."

ಕೈಯಲ್ಲಿದ್ದ ಅಕ್ಕಿ ನೆಲಕ್ಕೆ ಚೆಲ್ಲಿತು. "ಏನಂದೆ?"

"ಮಂತ್ರಾನೂ ನಿಜುದ್ದೇ ಯೋಳಿ. ಆ ಲೈಟ್ನೋನು ನಾನ್ ಕಟ್ಕೋಬೇಕು ಅಂತಿರೋನು. ನಮ್ಮನೆಯೋರು ನೀರೂ ಮುಟ್ಟಿಸ್ಕೊಳ್ದಿರೋ ಕೇರಿಯೋನು. ನಾವಿಬ್ರೂ ಮಾತಾಡ್ಕಂಡೇ ಅವ್ನು ಈ ಸೂಟಿಂಗಿಗೆ ಬಂದ. ನಮ್ಮನೆ ನೋಡ್ಬೇಕು ಅಂತಿದ್ದ, ಅಷ್ಟೆಯ. ಇಂಗಾಯ್ತದೆ ಅಂತ ನಮ್ಗೂ ಗೊತ್ತಿರ್ಲಿಲ್ಲ."

ಬಾಗಿಲಾಚೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದೆ. "ನಿನಗೆ ತಲೆ ಕೆಟ್ಟಿದೆಯೇನಮ್ಮ? ವಯಸ್ಸೆಷ್ಟು ನಿನಗೆ?"

"ಇಪ್ಪತ್ನಾಲ್ಕು. ಅವ್ನಿಗೆ ಇಪ್ಪತ್ತೇಳು. ಆಷಾಢ ಕಳುದ್ಮೇಲೆ ಮಳವಳ್ಳಿ ಕಡೆ ಗಂಡಿಗೆ ನನ್ನ ಕೊಡಕ್ಕೆ ಮಾತಾಗದೆ. ರಿಜಿಸ್ಟ್ರಾಫೀಸಿಗೆ ಹೋದ್ರೆ ಬೋರ್ಡಿಗೆ ನೋಟೀಸ್ ಹಾಕ್ತಾರೆ, ಸಾಯಂಕಾಲದೊಳ್ಗೆ ದೊಡ್ಡಪ್ಪಂಗೆ ಫೋನ್ ಬತ್ತದೆ. ಸಾಸ್ತ್ರವಾಗಿ ಮದ್ವೆ ಆಗಿದ್ರೆ ನೋಟೀಸ್ ಇಲ್ದೆ ಬರ್ಕೊತಾರಂತೆ, ಆದ್ರೆ ಮದ್ವೆ ಮಾಡ್ಸೋ ಅಯ್ನೋರು ಬೇಕು. ದೇವಸ್ಥಾನದಲ್ಲಿ ಕೇಳುದ್ರೆ ಮನೆಯೋರ್ನ ಕರ್ಕಂಬಾ ಅಂತಾರೆ. ಮದ್ವೆ ಆಗ್ದೆ ಓಡೋದ್ರೆ ಪೊಲೀಸ್ನೋರು ಹುಡುಕ್ಕಂಬಂದು ಮನೇಲೇ ಬುಡ್ತಾರೆ. ಆಮೇಲ್ ಏನಾಯ್ತದೆ ಅಂತ ನಿಮ್ ಸಿನ್ಮಾದಲ್ಲೇ ಅದೆಯಲ್ಲ."

"ಇದು ನನ್ನ ಸಿನಿಮಾ ಅಲ್ಲಮ್ಮ."

"ನಂದೂ ಅಲ್ಲ ಅಂತ ಮಾಡ್ಬುಡಿ ಅಂತಾನೆ ಕೇಳ್ತಿರದು."

ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಅತ್ತಿದ್ದರೆ ಬೈದು ಕಳಿಸುವುದು ಸುಲಭವಾಗುತ್ತಿತ್ತು. ನನ್ನ ಕಷ್ಟ ಹೇಳಿಕೊಂಡೆ. ನಿನ್ನ ದೊಡ್ಡಪ್ಪನಿಗೆ ಎರಡು ಸಲ ಮಾತು ಕೊಟ್ಟಿದ್ದೇನೆ, ಈ ಸೀಮೆಯ ಗೃಹಪ್ರವೇಶ, ನಾಮಕರಣ, ತಿಥಿಗಳಿಂದ ನನ್ನ ಸಂಸಾರ ನಡೆಯುತ್ತಿದೆ, ಗೊತ್ತಾದರೆ ಮದ್ದೂರಿಂದ ಮಳವಳ್ಳಿಯವರೆಗೆ ಒಬ್ಬರೂ ನನ್ನನ್ನು ಹೊಸ್ತಿಲು ತುಳಿಯಲು ಬಿಡುವುದಿಲ್ಲ. ನನ್ನನ್ನು ಸಿಕ್ಕಿಸಬೇಡ, ಆಗೋಲ್ಲ, ಹೋಗು.

"ಸರಿ ಬುಡಿ," ಎಂದು ಹೋದಳು. ಹೋಗುವಾಗ ನಾನು ಚೆಲ್ಲಿದ್ದ ಅಕ್ಕಿಯನ್ನು ಬಳಿದು ತಟ್ಟೆಗೆ ಹಾಕಿಯೇ ಹೋದಳು.

ಹುಡುಗ ಲೈಟನ್ನು ತಾನೇ ನಿಲ್ಲಿಸಿ, ಥರ್ಮಾಕೋಲಿನ ಹಲಗೆಯಿಂದ ಬೆಳಕನ್ನು ಮೆತ್ತಗೆ ಮಾಡಿ, ಕೈ ತೊಳೆದುಕೊಂಡು ಬಂದು ತಾನೇ ಅದರ ಕೆಳಗೆ ಕೂತ. ಪಕ್ಕದಲ್ಲಿ ಹುಡುಗಿ. ಒಬ್ಬರನ್ನೊಬ್ಬರು ನೋಡಲಿಲ್ಲ. ಕ್ಯಾಮೆರಾ ಅವರ ಎದೆಯ ಮಟ್ಟಕ್ಕೆ ಬಂದು ನಿಂತಿತು. ಸುತ್ತ ಮೂರು ಕಡೆ ಊರಿನ ಜನ. ನನ್ನ ಬೆನ್ನಿಗೆ ಚಪ್ಪರದ ಕಂಬ, ಎಡಕ್ಕೆ ಗೌಡರ ಕುರ್ಚಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.

ಮೊದಲ ಶಾಟು ತಾಳಿಯದು ಎಂದ ನಿರ್ದೇಶಕ. ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಗೌಡರು ಕೈಯೆತ್ತಿದರು.

"ಧಾರೆ ಆಗ್ದೆ ತಾಳಿ ಎಂಗ್ ಕಟ್ತೀರಿ? ನಮ್ ಕಡೆ ಧಾರೆ ಇಲ್ದೆ ಮದ್ವೆನೇ ಇಲ್ಲ. ನಮ್ಮೂರಲ್ಲಿ ತೆಗಿತೀರಿ ಅಂದ್ಮೇಲೆ ನಮ್ ಸಾಸ್ತ್ರ ಮಾಡಿ."

ಧಾರೆ ಎಂದರೆ ಏನೆಂದು ನಿರ್ದೇಶಕನಿಗೆ ವಿವರಿಸಿದೆ. ಹೆಣ್ಣು ಗಂಡಿನ ಕೂಡಿಸಿದ ಕೈಗಳ ಮೇಲೆ ಹೆಣ್ಣಿನ ಕಡೆಯ ಹಿರಿಯರು ಹಾಲು ನೀರು ಎರೆಯುವುದು, ಅಲ್ಲಿಗೆ ಹೆಣ್ಣನ್ನು ಕೊಟ್ಟ ಹಾಗೆ. ಅವನ ಕಣ್ಣು ಅರಳಿತು. ಹಾಲು ಬೀಳುವ ಕ್ಲೋಸಪ್ ಎಂದರೆ ಸಿನಿಮಾದವರಿಗೆ ಹಬ್ಬ. ಕಲಾ ವಿಭಾಗದವರು ಚೊಂಬಿನಲ್ಲಿ ಬಿಳಿ ಪೌಡರು ಕಲಸಿದ ನೀರು ತಂದರು. ಗೌಡರು ಬೆರಳದ್ದಿ ನೋಡಿ ಅಂಗಳಕ್ಕೆ ಚೆಲ್ಲಿದರು.

"ಸುಣ್ಣದ್ ನೀರಲ್ಲಿ ಧಾರೆ ಎರಿತಾರೇನ್ರಿ?" ಎಂದು ಕೊಟ್ಟಿಗೆಗೆ ಹೋಗಿ, ತಮ್ಮ ಸೀಮೆ ಹಸುವಿನಿಂದ ತಾವೇ ಅಷ್ಟು ಹಾಲು ಕರೆದು ತಂದರು. ಧಾರೆಗೆ ಇಟ್ಟಿದ್ದ ತೆಂಗಿನಕಾಯಿ ಒಳಗೆ ತಿರುಳಿಲ್ಲದ, ಬಣ್ಣ ಬಳಿದ ಬರೀ ಚಿಪ್ಪು ಎಂದು ಗೊತ್ತಾದಾಗ ಅದನ್ನೂ ಬದಲಾಯಿಸಿದರು. ತಾಳಿ ತೋರಿಸಿದಾಗ ಮುಖ ಸಿಂಡರಿಸಿ, "ಇದ್ಯಾವ್ ಗಿಲೀಟು" ಎಂದು ಹೆಂಡತಿಯ ಕೈಲಿ ದಾರಕ್ಕೆ ಅರಿಶಿನ ಹಚ್ಚಿಸಿ, ಅರಿಶಿನದ ಕೊಂಬು ಕಟ್ಟಿಸಿ ಕೊಟ್ಟರು.

ಇನ್ನು ಎರೆಯುವ ಕೈ ಯಾರದು? ನಿರ್ದೇಶಕ ಗೌಡರ ಅರ್ಧ ಬೆರಳಿನ ಕೈಯನ್ನೇ ನೋಡುತ್ತಿದ್ದ. "ಸಾಮಿ, ಇಂಥ ಕೈ ಎಲ್ಲಿ ಸಿಗುತ್ತದೆ? ಅವರನ್ನೇ ಎರೆಯಲು ಹೇಳಿ," ಎಂದ. ನಾನು ಹೇಳದೆ ಸುಮ್ಮನಿದ್ದುಬಿಡಬೇಕು ಎಂದುಕೊಂಡೆ. ಅವನೇ ಕೈಸನ್ನೆ ಮಾಡಿ ಕರೆದ.

ಗೌಡರಿಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು. ಹೆಂಡತಿಯನ್ನು ಕರೆದರು. "ಬಾರಮ್ಮಿ, ನೀನೂ ಚೊಂಬು ಮುಟ್ಟು. ಒಬ್ನೇ ಎರುದ್ರೆ ಅದೆಂತಾ ಧಾರೆ?"

ಹುಡುಗಿಗೆ ಅಪ್ಪ ಇಲ್ಲ. ನಿಜವಾದ ಮದುವೆಯಾಗಿದ್ದರೂ ಅವಳನ್ನು ಧಾರೆ ಎರೆದು ಕೊಡಬೇಕಾದ ದಂಪತಿ ಇವರೇ, ಈಗ ಚೊಂಬು ಹಿಡಿದು ನನ್ನ ಎದುರು ನಿಂತಿದ್ದರು. ಹಾಲು ನಿಜ, ಕಾಯಿ ನಿಜ, ಅರಿಶಿನದ ದಾರ ನಿಜ, ಸುತ್ತ ನಿಂತ ಬಂಧುಬಳಗ ನಿಜ. ಆ ಮನುಷ್ಯ ಒಂದೊಂದಾಗಿ ಎಲ್ಲವನ್ನೂ ತನ್ನ ಕೈಯಾರೆ ಸರಿಮಾಡುತ್ತ ಬಂದಿದ್ದರು, ನಾನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೆ. ಚಪ್ಪರದಲ್ಲಿ ಇನ್ನೂ ಸುಳ್ಳಾಗಿ ಉಳಿದಿದ್ದವು ನನ್ನ ಬಾಯಿ ಮತ್ತು ಒಂದು ಗಂಟು.

ಮೊದಲ ಟೇಕಿಗೆ ನವಗ್ರಹ ಸ್ತೋತ್ರ ಹೇಳಿದೆ. ಹಾಲು ಬಿತ್ತು, ಫೋಕಸ್ ಹೋಯಿತು. ಎರಡನೇ ಟೇಕಿನಲ್ಲಿ ಹಾಲು ಲೆನ್ಸಿಗೆ ಸಿಡಿಯಿತು. ಒರೆಸಲು ಹೊತ್ತಾಗುತ್ತದೆ, ಯಾರೂ ಅಲ್ಲಾಡಬೇಡಿ ಎಂದರು. ಕೂಡಿಸಿದ ಕೈಗಳು ಕೂಡಿಸಿದ ಹಾಗೇ ಇದ್ದವು. ಹಾಲು ಹುಡುಗಿಯ ಮೊಣಕೈವರೆಗೆ ಇಳಿದು ತೊಟ್ಟಿಕ್ಕುತ್ತಿತ್ತು.

ಹಿಂದೆ ನಿಂತಿದ್ದ ಹುಡುಗರು ಮತ್ತೆ ಆ ವೀಡಿಯೊದ ಮಾತು ತೆಗೆದರು. ಗೌಡರ ಮಗ ನಗುತ್ತಲೇ ಅಂದ, "ಆ ಸಿನ್ಮಾ ಅಪ್ಪ ಮಾಡಿದ್ರಲ್ಲಿ ತಪ್ಪೇನ್ಲಾ? ಅಂತೋಳ್ನ ಇನ್ನೇನ್ ಪೂಜೆ ಮಾಡ್ಬೇಕಾ?"

ನಾನು ಗೌಡರ ಮುಖ ನೋಡಿದೆ. ಬೈಯುತ್ತಾರೆ ಎಂದುಕೊಂಡೆ. ಬೈದರು ಕೂಡ.

"ಸುಮ್ಕಿರ್ಲಾ. ಸುಭ ಕಾರ್ಯದಲ್ಲಿ ಆ ಮಾತ್ ಆಡ್ಬ್ಯಾಡ."

ಅಷ್ಟೇ. ಶುಭಕಾರ್ಯದಲ್ಲಿ ಆಡಬಾರದು. ಬೇರೆ ಹೊತ್ತಿನಲ್ಲಿ ಆಡಬಹುದು. ಹುಡುಗಿ ತಲೆ ತಗ್ಗಿಸಿದ್ದಳು, ಆದರೆ ಅವಳ ಕೈ ಗಂಡಿನ ಕೈಯೊಳಗೆ ಬಿಗಿಯಾದದ್ದು ಕಾಣಿಸಿತು. ನನಗೆ ಸಿಟ್ಟು ಬಂತು. ಆ ಮಗನ ಮೇಲೆ, ಗೌಡರ ಮೇಲೆ, ಗ್ರಹಗಳ ಹೆಸರು ಹೇಳಿಕೊಂಡು ಕೂತಿದ್ದ ನನ್ನ ಮೇಲೆ. ಹೊಸ್ತಿಲು ಹೋದರೆ ಹೋಗಲಿ ಎನ್ನುವಷ್ಟು ಸಿಟ್ಟು. ಧೈರ್ಯ ಎಂದು ಯಾರಾದರೂ ಅಂದರೆ ಅದು ಸುಳ್ಳು.

ಮೂರನೇ ಟೇಕಿಗೆ ರೋಲ್ ಎಂದರು. ನಾನು ಆಚಮನ ಮಾಡಿ ಸಂಕಲ್ಪ ಹೇಳಿದೆ. ಸಂಕಲ್ಪದಲ್ಲಿ ಊರು, ಕಾಲ, ಹೆಣ್ಣು ಗಂಡಿನ ಹೆಸರು ಬರಬೇಕು. ಹೆಸರುಗಳನ್ನು ಬೆಳಿಗ್ಗೆಯಿಂದ ಯಾರು ಯಾರೋ ಅವರನ್ನು ಕೂಗುವಾಗ ಕೇಳಿಸಿಕೊಂಡಿದ್ದೆ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಎನ್ನುವುದು ವಾಡಿಕೆ, ಹುಡುಗನಿಗೆ ಅದನ್ನೇ ಕೊಟ್ಟೆ. ಹೆಸರು ಬರುವ ಕಡೆ ದನಿ ತಗ್ಗಿಸಿ, ಮಿಕ್ಕಿದ್ದನ್ನು ಏರಿಸಿ ಹೇಳಿದೆ. ತನ್ನ ಹೆಸರು ಕಿವಿಗೆ ಬಿದ್ದದ್ದೇ ಹುಡುಗ ತಲೆಯೆತ್ತಿ ನನ್ನನ್ನು ನೋಡಿದ. ಹುಡುಗಿ ನೋಡಲಿಲ್ಲ, ಅವಳ ಬೆನ್ನು ಮಾತ್ರ ನೆಟ್ಟಗಾಯಿತು.

"ಎರೀರಿ ಗೌಡ್ರೆ," ಎಂದೆ.

ಎರೆದರು. ಅರ್ಧ ಬೆರಳಿನ ಕೈ, ಅದರ ಪಕ್ಕದಲ್ಲಿ ಬಳೆ ತುಂಬಿದ ಕೈ. ಹಾಲು ಎಳೆಯಾಗಿ, ಕಡಿಯದೆ ಬಿತ್ತು. ನಿರ್ದೇಶಕ ಸಂತೋಷದಿಂದ ಕಟ್ ಹೇಳುವುದನ್ನೇ ಮರೆತ. ಕ್ಯಾಮೆರಾ ಓಡುತ್ತಿರುವಾಗಲೇ ತಾಳಿ ಹುಡುಗನ ಕೈಗೆ ಕೊಟ್ಟೆ. ಗೌಡರ ಹೆಂಡತಿ ಹುಡುಗಿಯ ಹಿಂದೆ ಹೋಗಿ ಜಡೆ ಎತ್ತಿ ಹಿಡಿದರು. ಮಾಂಗಲ್ಯದ ಶ್ಲೋಕವನ್ನು ಪೂರ್ತಿಯಾಗಿ, ಸ್ಪಷ್ಟವಾಗಿ ಹೇಳಿದೆ. ಒಂದು ಗಂಟು. ಎರಡು. ಹುಡುಗನ ಬೆರಳು ನಿಂತವು, ನನ್ನ ಕಡೆ ನೋಡಿದ.

"ಹೂಂ," ಎಂದೆ.

ಮೂರನೆಯದು ಬಿತ್ತು. ಜಡೆ ಹಿಡಿದಿದ್ದವರು ಒಂದು ಗಳಿಗೆ ಆ ಗಂಟನ್ನೇ ನೋಡಿದರು. ಅವರು ಕೂಗಿದರೆ ಮುಗಿಯಿತು. ಆ ತಾಯಿ ಜಡೆಯನ್ನು ಮೆಲ್ಲಗೆ ಗಂಟಿನ ಮೇಲೆ ಬಿಟ್ಟು, ಹೂವು ಸರಿಮಾಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ಪಕ್ಕಕ್ಕೆ ಸರಿದರು. ಊರಿನವರೆಲ್ಲ ಅಕ್ಷತೆ ಹಾಕಿದರು. ಗೌಡರ ಮಗನೂ ಒಂದು ಹಿಡಿ ಎಸೆದ. ಆಮೇಲೆ ಕಾಲಿನ ಇನ್ಸರ್ಟು ಬೇಕೆಂದರು, ಸಪ್ತಪದಿಯನ್ನೂ ಮಾಡಿಸಿದೆ. ತಂಡದ ಸ್ಟಿಲ್ ಫೋಟೋಗ್ರಾಫರು ಎಲ್ಲದರ ಫೋಟೋ ತೆಗೆದ.

ಟ್ರ್ಯಾಕ್ಟರು ಸರಿಯಿತು. ಹೊರಡುವಾಗ ಗೌಡರು ತಾವೇ ಸ್ಕೂಟರಿನವರೆಗೆ ಬಂದು ಬಾಳೆಗೊನೆಯೊಂದನ್ನು ಕಟ್ಟಿಸಿದರು. "ಸುಳ್ ಮದ್ವೆಯಾದ್ರೂ ಚೆಂದಾಗ್ ಮಾಡ್ಸುದ್ರಿ ಅಯ್ನೋರೆ," ಎಂದರು. ಕೊಪ್ಪ ದಾಟುವವರೆಗೂ ನಾನು ಹಿಂದೆ ತಿರುಗಿ ನೋಡಲಿಲ್ಲ.

ಅಲ್ಲಿಂದ ಮುಂದೆ ನಾನು ಮನೆಯಲ್ಲಿದ್ದೂ ಸೆರೆಯಲ್ಲಿದ್ದ ಹಾಗೆ. ಬೀದಿಯಲ್ಲಿ ಗಾಡಿ ನಿಂತ ಸದ್ದಾದರೆ ಎದ್ದು ಹೋಗಿ ಕಿಟಕಿಯಿಂದ ಇಣುಕುತ್ತಿದ್ದೆ. ಹೆಂಡತಿಗೆ ಹೇಳಿದೆ. ಅವಳು ಬಾಳೆಗೊನೆಯನ್ನೇ ನೋಡುತ್ತಾ, "ಇದನ್ನ ತಿನ್ನೋದು ಹೇಗ್ರೀ ಈಗ?" ಎಂದಳು. ಕೆಲವು ದಿನಗಳ ನಂತರ ಹುಡುಗಿ ಲ್ಯಾಬಿಗೆ ಹೋದವಳು ಮನೆಗೆ ಹಿಂದಿರುಗಲಿಲ್ಲ. ಇಬ್ಬರೂ ಮಂಡ್ಯದ ನೋಂದಣಿ ಕಚೇರಿಗೆ ಬಂದರು. ಮದುವೆ ಮಾಡಿಸಿದವನು ನಾನು ಎಂದು ರುಜು ಹಾಕಿದೆ. ಸಾಕ್ಷಿಗೆ ತಂಡದ ಇಬ್ಬರು ಬಂದಿದ್ದರು. ಎಲ್ಲಿಗೆ ಹೋಗುತ್ತೀರಿ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಆದರೆ ಅವರು ಹೋಗಬಹುದಾದದ್ದು ಹುಡುಗನ ಅಕ್ಕನ ಮನೆಗೆ, ಅದು ಎಲ್ಲಿದೆ ಎಂದು ಹುಡುಕುವವರಿಗೆ ಪತ್ತೆ ಮಾಡುವುದು ಕಷ್ಟವೇನಲ್ಲ.

ಮಾರನೆಯ ಬೆಳಿಗ್ಗೆ ನನ್ನ ಮನೆಯ ಮುಂದೆ ಜೀಪು ನಿಂತಿತು. ಸ್ಟೇರಿಂಗ್ ಹಿಡಿದು ಗೌಡರ ಮಗ, ಹಿಂದೆ ಇನ್ನಿಬ್ಬರು. ಎಂಜಿನ್ ಆಫ್ ಮಾಡಲಿಲ್ಲ. ಗೌಡರೊಬ್ಬರೇ ಇಳಿದು ಬಂದು ಜಗಲಿಯ ಮೇಲೆ ಕೂತರು. ಹೆಂಡತಿ ಕಾಫಿ ತಂದಿಟ್ಟಳು, ಮುಟ್ಟಲಿಲ್ಲ. ಕೂಗಾಡಲೂ ಇಲ್ಲ. ಕೂಗಾಡಿದ್ದರೆ ನಾನೂ ಏನಾದರೂ ಕೂಗಬಹುದಿತ್ತು.

"ಆ ಹುಡ್ಗಿ ಫೋನ್ ಮಾಡಿದ್ಳು. ಮದ್ವೆ ಆಗಿವ್ನಿ, ನೀವೇ ಮಾಡ್ಕೊಟ್ಟಿದ್ದು ದೊಡ್ಡಪ್ಪ ಅಂದ್ಳು," ಎಂದರು. "ಸುಳ್ಳು ಅಂದೆ. ಅಯ್ನೋರು ಮಾತ್ ಕೊಟ್ಟವ್ರೆ ಅಂದೆ. ನನ್ ಮಗ ಅವ್ರಿರೋ ಜಾಗ ತಿಳ್ಕಂಡವ್ನೆ. ಮದ್ವೆನೇ ಆಗಿಲ್ಲ ಅಂದ್ಮೇಲೆ ಎಳ್ಕಂಬರದೇ ಅಂತಾನೆ. ನಿಮ್ಮತ್ರ ಒಂದೇ ಮಾತ್ ಕೇಳಕ್ಕೆ ಬಂದೆ. ಅವತ್ತು ಯೋಳಿದ್ ಮಂತ್ರ ನಿಜನಾ, ಸುಳ್ಳಾ?"

ಸುಳ್ಳು ಎಂದರೆ ನನ್ನ ಹೊಸ್ತಿಲುಗಳೆಲ್ಲ ಉಳಿಯುತ್ತಿದ್ದವು. ಅವರಿಗೂ ಅದೇ ಬೇಕಿತ್ತು, ಕಣ್ಣಲ್ಲೇ ಬೇಡುತ್ತಿದ್ದರು. ಜೀಪಿನವನು ಎಂಜಿನ್ ಒಂದು ಸಲ ಗುರ್ ಎನಿಸಿದ.

"ನಿಜ ಗೌಡ್ರೆ," ಎಂದೆ. "ಹೆಸರು ಹಿಡಿದು ಸಂಕಲ್ಪ ಮಾಡಿದೆ. ಗಂಟೂ ಮೂರು. ನಿಮಗೆ ಕೊಟ್ಟ ಮಾತಿಗೆ ತಪ್ಪಿದೆ. ನನ್ನನ್ನ ಏನು ಬೇಕಾದ್ರೂ ಅನ್ನಿ."

ಗೌಡರು ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಾ ಕೂತರು.

"ಹಾಲು ನಂದೇ," ಎಂದರು. "ಅವ್ರು ಸುಣ್ಣದ್ ನೀರು ತಂದಿದ್ರು. ನಾನೇ ಚೆಲ್ಲುದ್ದು."

ಎದ್ದರು. ಮೆಟ್ಟಿಲಿಳಿದು ಜೀಪಿನ ಹತ್ತಿರ ಹೋದರು. ಮಗ ಏನು ಎಂದು ಕೇಳಿದ. ನನಗೆ ಬೆನ್ನು ಮಾಡಿ ನಿಂತಿದ್ದರೂ ಅವರ ಮಾತು ಜಗಲಿಯವರೆಗೂ ಕೇಳಿಸಿತು.

"ಊರ್ ಕಡೆ ತಿರುಗ್ಸ್ಲಾ ಗಾಡಿಯ. ಧಾರೆ ಎರ್ದಿರೋನು ನಾನು. ಎರ್ದಿದ್ನ ಬಾಚ್ಕಳಕಾಯ್ತದಾ?"